ಪ್ರಶ್ನೋತ್ತರ: ನಫಲ್ (ಐಚ್ಛಿಕ) ಪುಣ್ಯವೂ ಜನರ ಹಕ್ಕೂ

ಪ್ರಶ್ನೆ: ನಮ್ಮ ದೊಡ್ಡಪ್ಪನವರು ತಹಜ್ಜುದ್ (ನಡುರಾತ್ರಿಯ ಐಚ್ಛಿಕ) ನಮಾಝನ್ನು ತಪ್ಪಿಸುವವರಲ್ಲ. ಸೋಮವಾರ ಮತ್ತು ಗುರುವಾರದ ಸುನ್ನತ್ (ಪ್ರವಾದಿಯವರ ಮಾದರಿಯ, ಕಡ್ಡಾಯವಲ್ಲದ) ಉಪವಾಸವನ್ನೂ ಹಿಡಿಯುತ್ತಾರೆ. ಆದರೆ ಅವರ ಮಾತು ತುಂಬ ಕಟು. ಪಕ್ಕದ ಮನೆಯವರೊಂದಿಗೆ ಚರಂಡಿ ನೀರಿನ ವಿಷಯಕ್ಕೆ ಸದಾ ಜಗಳ. ಇದರ ಬಗ್ಗೆ ಕೇಳಿದರೆ, ‘ಒಳ್ಳೆಯ ನಡತೆ ಮುಸ್ತಹಬ್ ಅಷ್ಟೆ, ಮಾಡಿದರೆ ಪುಣ್ಯ, ಬಿಟ್ಟರೆ ಪಾಪವೇನೂ ಇಲ್ಲ’ ಎನ್ನುತ್ತಾರೆ. ಈ ಮಾತು ಸರಿಯೇ? (ಓದುಗರೊಬ್ಬರು, ಹಾಸನ)

ಉತ್ತರ: ಸರಿಯಲ್ಲ. ನಿಮ್ಮ ದೊಡ್ಡಪ್ಪನವರು ಎರಡು ವಿಷಯಗಳನ್ನು ಅದಲುಬದಲು ಮಾಡಿಕೊಂಡಿದ್ದಾರೆ. ಫಿಕ್‌ಹ್ (ಧರ್ಮಶಾಸ್ತ್ರ) ವಿದ್ವಾಂಸರು ಮನುಷ್ಯನ ಕೃತ್ಯಗಳನ್ನು ಕಡ್ಡಾಯ, ಅಪೇಕ್ಷಣೀಯ (ಮುಸ್ತಹಬ್), ಅನುಮತ, ಅನಪೇಕ್ಷಿತ ಮತ್ತು ನಿಷಿದ್ಧ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಧರ್ಮಶಾಸ್ತ್ರ ಪಂಥದವರು ಇವನ್ನೇ ಇನ್ನಷ್ಟು ಬಿಡಿಸಿ ಏಳೆಂದು ಎಣಿಸಿದರೆ, ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಪಂಥದವರು ಐದಕ್ಕೇ ನಿಲ್ಲುತ್ತಾರೆ. ಎಣಿಕೆ ಯಾವುದೇ ಇರಲಿ, ತಹಜ್ಜುದ್ ಮತ್ತು ವಾರದ ಆ ಎರಡು ಉಪವಾಸಗಳು ಸಾಮಾನ್ಯ ಮುಸ್ಲಿಮನಿಗೆ ಅಪೇಕ್ಷಣೀಯ ವರ್ಗದವು, ನೆರೆಯವನಿಗೆ ತೊಂದರೆ ಕೊಡುವುದು ನಿಷಿದ್ಧ ವರ್ಗದ್ದು. ಬಿಟ್ಟರೂ ಪಾಪವಿಲ್ಲ ಎಂದು ಅವರು ಹೇಳಬಹುದಾಗಿದ್ದರೆ ಅದನ್ನು ತಮ್ಮ ಉಪವಾಸದ ಬಗ್ಗೆ ಹೇಳಬಹುದಿತ್ತೇ ಹೊರತು ನೆರೆಮನೆಯ ಜಗಳದ ಬಗ್ಗೆ ಅಲ್ಲ.

ಇಂಥದೇ ಪ್ರಸಂಗ ಪ್ರವಾದಿ ಮುಹಮ್ಮದರ (ಸ) ಮುಂದೆಯೂ ಬಂದಿತ್ತು. ರಾತ್ರಿಯಿಡೀ ನಮಾಝ್ ಮಾಡುವ, ಹಗಲು ಉಪವಾಸವಿರುವ, ದಾನವನ್ನೂ ಕೊಡುವ, ಆದರೆ ನಾಲಿಗೆಯಿಂದ ನೆರೆಹೊರೆಯವರನ್ನು ನೋಯಿಸುವ ಮಹಿಳೆಯೊಬ್ಬಳ ಬಗ್ಗೆ ಜನರು ಹೇಳಿದಾಗ ಅವರು, ಅವಳಲ್ಲಿ ಒಳಿತಿಲ್ಲ, ಅವಳು ನರಕದವಳು ಎಂದರು. ಕಡ್ಡಾಯ ನಮಾಝ್‌ಗಳನ್ನಷ್ಟೇ ಮಾಡುವ, ಒಣ ಗಿಣ್ಣಿನ ತುಂಡುಗಳನ್ನು ದಾನ ಕೊಡುವ, ಯಾರನ್ನೂ ನೋಯಿಸದ ಇನ್ನೊಬ್ಬಳ ಬಗ್ಗೆ ಹೇಳಿದಾಗ, ಅವಳು ಸ್ವರ್ಗದವಳು ಎಂದರು. ಯಾರ ಕೇಡಿನಿಂದ ನೆರೆಯವನು ನಿಶ್ಚಿಂತನಾಗಿರುವುದಿಲ್ಲವೋ ಅಂಥವನು ವಿಶ್ವಾಸಿಯೇ ಅಲ್ಲ ಎಂದು ಪ್ರವಾದಿವರ್ಯರು (ಸ) ಅಲ್ಲಾಹನ ಮೇಲೆ ಆಣೆಯಿಟ್ಟು ಮೂರು ಬಾರಿ ಹೇಳಿದ ಮಾತು ಬುಖಾರಿ ಎಂಬ ಹದೀಸ್ (ಪ್ರವಾದಿ ವಚನ) ಸಂಗ್ರಹದಲ್ಲಿದೆ.

ಇನ್ನೊಂದು ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿರುವ ‘ದಿವಾಳಿ’ಯ ಹದೀಸನ್ನು ನೀವು ಶುಕ್ರವಾರದ ಪ್ರವಚನಗಳಲ್ಲಿ ಕೇಳಿರುತ್ತೀರಿ. ದಿವಾಳಿಯೆದ್ದವನು ಯಾರು ಎಂದು ಪ್ರವಾದಿವರ್ಯರು (ಸ) ಸಂಗಾತಿಗಳನ್ನು ಕೇಳಿದಾಗ, ಹಣವೂ ಸರಕೂ ಇಲ್ಲದವನು ಎಂದು ಅವರು ಉತ್ತರಿಸಿದರು. ಅದಕ್ಕೆ ಪ್ರವಾದಿವರ್ಯರು (ಸ), ಅಂತ್ಯದಿನದಂದು ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ) ಇವುಗಳೊಂದಿಗೆ ಬಂದರೂ ಒಬ್ಬನನ್ನು ಬೈದು, ಒಬ್ಬನ ಮೇಲೆ ಅಪವಾದ ಹೊರಿಸಿ, ಒಬ್ಬನ ಸೊತ್ತನ್ನು ತಿಂದು, ಒಬ್ಬನನ್ನು ಹೊಡೆದು ಬಂದಿರುವವನೇ ನನ್ನ ಸಮುದಾಯದ ದಿವಾಳಿಗ ಎಂದರು; ಅವನ ಪುಣ್ಯಗಳನ್ನೆಲ್ಲ ನೊಂದವರಿಗೆ ಹಂಚಲಾಗುತ್ತದೆ, ಅವು ಮುಗಿದ ಮೇಲೆ ಅವರ ಪಾಪಗಳನ್ನು ಇವನ ಮೇಲೆ ಹೇರಲಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಆ ಮನುಷ್ಯನ ನಮಾಝ್‌ನಲ್ಲಿ ಯಾವ ಕೊರತೆಯನ್ನೂ ಹದೀಸ್ ಹೇಳುವುದಿಲ್ಲ. ನಮಾಝ್ ಸ್ವೀಕೃತವಾಗಿ ಪುಣ್ಯವಾಗಿಯೇ ಬಂದಿತ್ತು. ಅದು ಬೇರೆಯವರ ಪಾಲಾಯಿತು. ಅಲ್ಲಾಹನು ತನ್ನ ಹಕ್ಕನ್ನು ತಾನೇ ಕ್ಷಮಿಸಬಲ್ಲ, ಆದರೆ ಜನರ ಹಕ್ಕನ್ನು ಆ ಜನರೇ ಬಿಟ್ಟುಕೊಡಬೇಕು ಎಂದು ಉಲಮಾಗಳು (ಧರ್ಮ ವಿದ್ವಾಂಸರು) ಹೇಳುವುದು ಈ ಆಧಾರದ ಮೇಲೆಯೇ.

ಕುರ್‌ಆನಿನ 107ನೇ ಅಧ್ಯಾಯ ಕೇವಲ ಏಳು ಸೂಕ್ತಗಳದ್ದು, ಬಹುಪಾಲು ಮಕ್ಕಳಿಗೂ ಬಾಯಿಪಾಠ. ಅನಾಥನನ್ನು ತಳ್ಳುವವನು, ಬಡವನ ಊಟಕ್ಕೆ ಪ್ರೇರಣೆ ನೀಡದವನು, ನಮಾಝ್‌ನಲ್ಲಿ ಅಲಕ್ಷ್ಯ ತೋರುವವನು, ಜನರಿಗೆ ತೋರಿಸಲು ಮಾಡುವವನು, ದಿನಬಳಕೆಯ ಚಿಕ್ಕ ವಸ್ತುವನ್ನೂ ಕೊಡಲೊಲ್ಲದವನು, ಇವರೆಲ್ಲರನ್ನೂ ಆ ಪುಟ್ಟ ಅಧ್ಯಾಯ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಆ ಚಿಕ್ಕ ವಸ್ತುಗಳು ಯಾವುವೆಂದರೆ ಪಾತ್ರೆ, ಬಕೀಟು, ಕೊಡಲಿ ಎಂದು ಸಹಾಬಿ (ಪ್ರವಾದಿಯವರ ಸಂಗಾತಿ) ಇಬ್ನು ಮಸ್‌ಊದ್ (ರ) ವಿವರಿಸಿದ್ದಾರೆ. ಇದಕ್ಕೆ ನಾನು ಹೆಚ್ಚಿನದೇನನ್ನೂ ಸೇರಿಸಬೇಕಾಗಿಲ್ಲ.

ಹಾಗಾದರೆ ನಡತೆಯಲ್ಲಿ ಮುಸ್ತಹಬ್ ಎಂಬುದೇ ಇಲ್ಲವೇ? ಧಾರಾಳವಾಗಿ ಇದೆ. ಮೊದಲು ಸಲಾಮ್ ಹೇಳುವುದು, ನಗುಮುಖದಿಂದ ಮಾತಾಡಿಸುವುದು, ತನಗೆ ಬರಬೇಕಾದ ಬಾಕಿಯನ್ನು ಮನ್ನಾ ಮಾಡುವುದು, ಮನೆಯಲ್ಲಿ ಸಾರು ಮಾಡಿದಾಗ ನೀರು ಹೆಚ್ಚಿಸಿ ನೆರೆಯವರಿಗೂ ಕಳಿಸುವುದು, ಇವೆಲ್ಲ ಆ ಸಾಲಿನವು. ಕೊನೆಯದನ್ನು ಪ್ರವಾದಿವರ್ಯರು (ಸ) ಅಬೂದರ್‌ರಿಗೆ (ರ) ಹೇಳಿದ್ದರು. ಸ್ಥೂಲವಾಗಿ ಹೇಳುವುದಾದರೆ, ಇನ್ನೊಬ್ಬರಿಗೆ ಕೇಡು ಮಾಡದಿರುವುದು ಮತ್ತು ಸಲ್ಲಬೇಕಾದದ್ದನ್ನು ಸಲ್ಲಿಸುವುದು ಕಡ್ಡಾಯ, ಅದಕ್ಕೂ ಮೀರಿ ಉಪಕಾರ ಮಾಡುವುದು ಅಪೇಕ್ಷಣೀಯ. ಈ ಎರಡು ಡಿಕ್ಕಿ ಹೊಡೆದರೆ ಏನು ಮಾಡಬೇಕೆಂಬುದಕ್ಕೆ ಮಕ್ಕಾದ ಕಅಬಾದ ಬಳಿಯೇ ಉದಾಹರಣೆಯಿದೆ: ಹಜರುಲ್ ಅಸ್ವದ್‌ಗೆ (ಅದರ ಗೋಡೆಯಲ್ಲಿರುವ ಕಪ್ಪು ಶಿಲೆಗೆ) ಮುತ್ತಿಡುವುದು ಸುನ್ನತ್, ಆದರೆ ನೂಕುನುಗ್ಗಲಿನಲ್ಲಿ ದುರ್ಬಲರನ್ನು ತಳ್ಳಿ ಹೋಗುವಂತಿಲ್ಲ, ದೂರದಿಂದ ಕೈಸನ್ನೆ ಮಾಡಿ ಮುಂದೆ ನಡೆಯಬೇಕು. ಹಜ್‌ಗೆ ಹೋಗಿ ಬಂದವರಲ್ಲಿ ಎಷ್ಟು ಜನ ಇದನ್ನು ಪಾಲಿಸಿರುತ್ತಾರೋ, ಅವರವರಿಗೇ ಗೊತ್ತು.

ಇನ್ನು, ಇದನ್ನೆಲ್ಲ ದೊಡ್ಡಪ್ಪನವರಿಗೆ ಹೇಳುವ ಬಗೆ. ಹದೀಸನ್ನು ಕೋಲಿನಂತೆ ಹಿಡಿದು ಹೋಗಬೇಡಿ. ಕುರ್‌ಆನಿನ 19ನೇ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮರು (ಅ) ವಿಗ್ರಹಾರಾಧಕರಾದ ತಂದೆಯೊಂದಿಗೆ ಮಾತಾಡುವಾಗ ನಾಲ್ಕು ಸಲವೂ ‘ನನ್ನ ಅಪ್ಪಾ’ ಎಂದೇ ಆರಂಭಿಸುತ್ತಾರೆ. ಕಲ್ಲೆಸೆದು ಕೊಲ್ಲುತ್ತೇನೆಂದು ತಂದೆ ಬೆದರಿಸಿದ ಮೇಲೂ ನಿಮಗೆ ಶಾಂತಿಯಿರಲಿ, ನಿಮಗಾಗಿ ಕ್ಷಮೆ ಬೇಡುತ್ತೇನೆ ಎಂದೇ ಹೊರಡುತ್ತಾರೆ. ಜಗಳದ ಮೂಲವಾದ ಚರಂಡಿಯನ್ನು ನೀವೇ ಮುಂದೆ ನಿಂತು ಸರಿಪಡಿಸಿಕೊಟ್ಟರೆ ಅರ್ಧ ಕೆಲಸ ಮಾತಿಲ್ಲದೆಯೇ ಮುಗಿಯಬಹುದು.

ಪ್ರಶ್ನೆ: ನಮ್ಮ ಪರಿಚಯದ ಹುಡುಗನೊಬ್ಬನ ಬಗ್ಗೆ ಹೆಣ್ಣಿನ ಕಡೆಯವರು ನನ್ನಲ್ಲಿ ವಿಚಾರಿಸಿದರು. ಅವನಿಗೆ ಸಿಟ್ಟು ಹೆಚ್ಚು, ಕೈ ಮಾಡುತ್ತಾನೆ ಎಂಬುದು ನನಗೆ ಖಚಿತವಾಗಿ ಗೊತ್ತು. ಹೇಳಿದರೆ ಗೀಬತ್ (ಬೆನ್ನ ಹಿಂದಿನ ನಿಂದೆ) ಆಗುತ್ತದೆಂದು ಹೆದರಿ ‘ಒಳ್ಳೆಯ ಮನೆತನ’ ಎಂದಷ್ಟೇ ಹೇಳಿದೆ. ಈಗ ಮನಸ್ಸಿಗೆ ಸಮಾಧಾನವಿಲ್ಲ. (ಓದುಗರೊಬ್ಬರು, ಉಡುಪಿ)

ಉತ್ತರ: ಗೀಬತ್‌ಗೆ ಹೆದರಬೇಕಾದದ್ದು ನಿಜ. ನಿನ್ನ ಸಹೋದರನಿಗೆ ಇಷ್ಟವಾಗದ್ದನ್ನು ಅವನ ಬೆನ್ನ ಹಿಂದೆ ಹೇಳುವುದೇ ಗೀಬತ್ ಎಂದು ಪ್ರವಾದಿವರ್ಯರು (ಸ) ಹೇಳಿದಾಗ, ಹೇಳಿದ್ದು ನಿಜವಾಗಿದ್ದರೆ ಎಂದು ಒಬ್ಬರು ಕೇಳಿದರು. ನಿಜವಾಗಿದ್ದರೆ ಗೀಬತ್, ಸುಳ್ಳಾಗಿದ್ದರೆ ಅದು ಸುಳ್ಳಾರೋಪ ಎಂಬ ಉತ್ತರ ಬಂತು. ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ (49:12) ಇದನ್ನು ಹೋಲಿಸಿದೆ. ‘ಇದ್ದದ್ದನ್ನೇ ಹೇಳಿದೆ’ ಎಂಬ ಸಮರ್ಥನೆಗೆ ಇಲ್ಲಿ ಬೆಲೆಯಿಲ್ಲ.

ಆದರೆ ನೀವು ಮೌನವಹಿಸಬೇಕಾದ ಸ್ಥಳ ಅದಾಗಿರಲಿಲ್ಲ. ಫಾತಿಮಾ ಬಿಂತ್ ಕೈಸ್ (ರ) ಎಂಬ ಮಹಿಳೆಗೆ ವಿಚ್ಛೇದನವಾಗಿ ಇದ್ದತ್ (ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿ) ಮುಗಿದ ಮೇಲೆ ಮುಆವಿಯಾ ಮತ್ತು ಅಬೂಜಹ್ಮ್ ಇಬ್ಬರಿಂದಲೂ ಪ್ರಸ್ತಾಪ ಬಂತು. ಫಾತಿಮಾ ಪ್ರವಾದಿವರ್ಯರಲ್ಲಿ (ಸ) ಸಲಹೆ ಕೇಳಿದಾಗ, ಮುಆವಿಯಾ ಕೈಯಲ್ಲಿ ಹಣವಿಲ್ಲದ ಬಡವ, ಅಬೂಜಹ್ಮ್ ಹೆಗಲಿನಿಂದ ಕೋಲು ಇಳಿಸುವವನಲ್ಲ ಎಂದು ಅವರು ನೇರವಾಗಿ ಹೇಳಿದರು. ಅಬೂಜಹ್ಮ್ ಹೆಂಗಸರನ್ನು ಹೊಡೆಯುವವನು ಎಂದೇ ಇನ್ನೊಂದು ವರದಿಯಲ್ಲಿದೆ. ಸಂಗಾತಿ ಉಸಾಮಾರನ್ನು (ರ) ಮದುವೆಯಾಗು ಎಂದು ಸಲಹೆಯನ್ನೂ ಕೊಟ್ಟರು. ಮೊದಲು ಆಕೆಗೆ ಅದು ಹಿಡಿಸಲಿಲ್ಲ, ಮದುವೆಯಾದ ಮೇಲೆ ಅದರಲ್ಲಿ ಅಲ್ಲಾಹನು ಒಳಿತಿಟ್ಟಿದ್ದನೆಂದು ತಾನೇ ಹೇಳಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ನೀವು ಹೇಳಿದ ಹುಡುಗನ ದೋಷವೂ ಈ ಹದೀಸಿನ ಅಬೂಜಹ್ಮ್‌ರ ದೋಷವೂ ಹೆಚ್ಚುಕಡಿಮೆ ಒಂದೇ.

1277ರಲ್ಲಿ ನಿಧನರಾದ ಸಿರಿಯಾದ ಇಮಾಮ್ ನವವಿಯವರು ಗೀಬತ್‌ಗೆ ಅನುಮತಿಯಿರುವ ಆರು ಸಂದರ್ಭಗಳನ್ನು ಹೇಳಿದ್ದಾರೆ. ಅನ್ಯಾಯದ ವಿರುದ್ಧ ದೂರು ಕೊಡುವುದು, ಧರ್ಮವಿಧಿ ಕೇಳುವುದು, ಜನರನ್ನು ಎಚ್ಚರಿಸುವುದು ಅವುಗಳಲ್ಲಿ ಸೇರಿವೆ. ಮದುವೆಯ ವಿಚಾರಣೆ ಎಚ್ಚರಿಕೆಯ ಅಡಿಯಲ್ಲಿ ಬರುತ್ತದೆ. ಗಂಡ ಅಬೂಸುಫ್ಯಾನ್ ಜಿಪುಣ, ಮನೆಗೆ ಸಾಕಾಗುವಷ್ಟು ಕೊಡುವುದಿಲ್ಲ ಎಂದು ಹಿಂದ್ (ರ) ಬಂದು ದೂರಿದಾಗ ಪ್ರವಾದಿವರ್ಯರು (ಸ) ಅವರನ್ನು ಸುಮ್ಮನಿರಿಸಲಿಲ್ಲ, ನಿನಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯವಾಗಿ ತೆಗೆದುಕೋ ಎಂದರು. ನಮ್ಮಲ್ಲಿ ಹೊಡೆತ ತಿಂದ ಹೆಣ್ಣುಮಕ್ಕಳು ತವರಿಗೆ ಬಂದು ಅತ್ತಾಗ ‘ಗಂಡನ ಗೀಬತ್ ಮಾಡಬಾರದು’ ಎಂದು ಬಾಯಿ ಮುಚ್ಚಿಸುವ ಹಿರಿಯರು ಹಿಂದ್‌ರ ಈ ಪ್ರಸಂಗವನ್ನು ಓದಿಕೊಳ್ಳುವುದು ಒಳ್ಳೆಯದು.

ಈ ಅನುಮತಿಗೂ ಮಿತಿಗಳಿವೆ. ನೀವು ಕಂಡದ್ದನ್ನು ಮಾತ್ರ ಹೇಳಬೇಕು, ಕೇಳಿದ್ದನ್ನಲ್ಲ. ‘ಈ ಸಂಬಂಧ ನಿಮಗೆ ಹೊಂದುವುದಿಲ್ಲ’ ಎಂದಷ್ಟೇ ಹೇಳಿದರೆ ಅವರು ಹಿಂದೆ ಸರಿಯುತ್ತಾರೆಂದಾದರೆ ಅಲ್ಲಿಗೇ ನಿಲ್ಲಿಸಬೇಕು. ಹುಡುಗ ಎಂದೋ ಮಾಡಿ, ಪಶ್ಚಾತ್ತಾಪಪಟ್ಟು ಬಿಟ್ಟುಬಿಟ್ಟ ತಪ್ಪನ್ನು ಹೆಕ್ಕಿ ತೆಗೆಯುವುದಕ್ಕೆ ಇಲ್ಲಿ ಅವಕಾಶವಿಲ್ಲ. ಇನ್ನೊಬ್ಬನ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಹದೀಸ್ ಅಂಥ ತಪ್ಪುಗಳಿಗೆ ಅನ್ವಯಿಸುತ್ತದೆ. ನಿಶ್ಚಿತಾರ್ಥ ಇನ್ನೂ ಆಗಿಲ್ಲವಾದರೆ ಹೆಣ್ಣಿನ ತಂದೆಯನ್ನೋ ತಾಯಿಯನ್ನೋ ಒಬ್ಬರನ್ನೇ ಕಂಡು, ಕಂಡಿದ್ದನ್ನು ಹೇಳಿಬಿಡಿ. ಫೋನಿನಲ್ಲಿ ಬೇಡ, ಸಂದೇಶದಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ರಮಝಾನ್‌ನಲ್ಲಿ ನಮ್ಮ ಯುವಕರ ಸಂಘದಿಂದ ಬಡವರಿಗೆ ರೇಷನ್ ಕಿಟ್ ಹಂಚುತ್ತೇವೆ. ದಾನಿಗಳಿಗೆ ಲೆಕ್ಕ ಕೊಡಬೇಕಲ್ಲ ಎಂದು ಹಂಚುವ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಹಾಕುತ್ತೇವೆ. ಇದಕ್ಕೆ ಕೆಲವರು ಆಕ್ಷೇಪಿಸುತ್ತಿದ್ದಾರೆ. (ಓದುಗರೊಬ್ಬರು, ಕಲಬುರಗಿ)

ಉತ್ತರ: ಆಕ್ಷೇಪಿಸುವವರು ಹೇಳುವುದು ಸರಿ. ದಾನವನ್ನು ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ತಲುಪಿಸಿದರೆ ಇನ್ನೂ ಒಳ್ಳೆಯದು ಎಂದು ಕುರ್‌ಆನ್ (2:271) ಹೇಳುವುದು ಕೊಡುವವನ ಬಗ್ಗೆ. ಪಡೆಯುವವರ ಮುಖವನ್ನು ಊರಿಗೆಲ್ಲ ತೋರಿಸುವುದಕ್ಕೆ ಅದರಲ್ಲಿ ಅನುಮತಿ ಹುಡುಕಬೇಡಿ. ಅದರ ಎರಡೇ ಸೂಕ್ತಗಳ ಮುಂದೆ (2:273), ಬೇಡಲು ನಾಚುವ, ಸಂಕೋಚದ ಕಾರಣ ತಿಳಿಯದವರಿಗೆ ಅನುಕೂಲಸ್ಥರಂತೆ ಕಾಣುವ ಬಡವರನ್ನು ಮೆಚ್ಚಿ ಹೇಳಲಾಗಿದೆ. ಅಂಥ ಒಬ್ಬ ವಿಧವೆಯನ್ನು ನಿಲ್ಲಿಸಿ, ಒಂದು ಚೀಲ ಅಕ್ಕಿಯನ್ನು ಎಂಟು ಕೈಗಳು ಹಿಡಿದು, ಬ್ಯಾನರ್ ಕಾಣುವಂತೆ ತೆಗೆದ ಫೋಟೋ ಆಕೆ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಒಂದು ಕ್ಷಣದಲ್ಲಿ ಕಳೆದುಬಿಡುತ್ತದೆ. ಹಂಗಿಸಿ, ನೋಯಿಸಿ ನಿಮ್ಮ ದಾನಗಳನ್ನು ವ್ಯರ್ಥಗೊಳಿಸಬೇಡಿ (2:264) ಎಂಬ ಆಜ್ಞೆಯ ವ್ಯಾಪ್ತಿಯಲ್ಲಿ ಇದೂ ಬರುತ್ತದೆ ಎಂದೇ ನನ್ನ ಅಭಿಪ್ರಾಯ.

ದಾನಿಗಳಿಗೆ ಲೆಕ್ಕ ಕೊಡುವುದು ಅಮಾನತ್ (ನಂಬಿ ಒಪ್ಪಿಸಿದ ಹೊಣೆ), ಅದನ್ನು ಬಿಡಬಾರದು. ಅಂಗಡಿಯ ಬಿಲ್ಲು, ಪ್ಯಾಕ್ ಮಾಡಿಟ್ಟ ಚೀಲಗಳ ಚಿತ್ರ, ಎಷ್ಟು ಮನೆಗಳಿಗೆ ಹೋಯಿತೆಂಬ ಸಂಖ್ಯೆ, ಇಷ್ಟು ಸಾಕು. ಹೆಸರುಗಳ ಪಟ್ಟಿ ಇಬ್ಬರು ಜವಾಬ್ದಾರಿಯುತರ ಬಳಿ ಇರಲಿ.

ಪ್ರಶ್ನೆ: ದುಬೈಯಲ್ಲಿ ಕೆಲಸದಲ್ಲಿದ್ದೇನೆ. ಒಮ್ಮೆ ಉಮ್ರಾ (ಮಕ್ಕಾದ ಕಿರು ಯಾತ್ರೆ) ಮಾಡಿದ್ದೇನೆ. ಇಲ್ಲಿಂದ ಹತ್ತಿರವೆಂದು ಈ ವರ್ಷ ಮತ್ತೆ ಹೊರಡುವ ಆಸೆ. ಆದರೆ ಊರಿನಲ್ಲಿ ಒಬ್ಬ ಗೆಳೆಯನಿಗೆ ಕೊಡಬೇಕಾದ ಸಾಲದ ವಾಯಿದೆ ಮೀರಿದೆ. ಅವನು ಬಾಯಿಬಿಟ್ಟು ಕೇಳುತ್ತಿಲ್ಲ. (ಓದುಗರೊಬ್ಬರು, ದುಬೈ)

ಉತ್ತರ: ಮೊದಲು ಸಾಲ ತೀರಿಸಿ. ಜೀವನದಲ್ಲಿ ಒಮ್ಮೆ ಉಮ್ರಾ ಮಾಡುವುದು ಕಡ್ಡಾಯವೆಂದು ಶಾಫಿಈಗಳೂ, ಪ್ರಬಲ ಸುನ್ನತ್ ಎಂದು ಹನಫಿಗಳೂ ಹೇಳುತ್ತಾರೆ. ನೀವು ಒಮ್ಮೆ ಮಾಡಿಯಾಗಿರುವುದರಿಂದ ಎರಡನೆಯದು ಯಾರ ಪ್ರಕಾರವೂ ಕಡ್ಡಾಯವಲ್ಲ. ವಾಯಿದೆ ಮೀರಿದ ಸಾಲವಾದರೋ ಕಡ್ಡಾಯ. ಹಣವಿದ್ದೂ ಸಾಲ ತೀರಿಸಲು ತಡಮಾಡುವುದು ಅನ್ಯಾಯ ಎಂದು ಪ್ರವಾದಿವರ್ಯರು (ಸ) ಹೇಳಿದ್ದಾರೆ. ಹುತಾತ್ಮನಿಗೆ ಎಲ್ಲವೂ ಕ್ಷಮಿಸಲ್ಪಡುತ್ತದೆ, ಸಾಲವೊಂದನ್ನು ಬಿಟ್ಟು ಎಂದೂ ಹೇಳಿದ್ದಾರೆ. ಮೂರು ದೀನಾರ್ ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝಾ (ಅಂತ್ಯಸಂಸ್ಕಾರದ) ನಮಾಝ್‌ಗೆ ತಾವು ನಿಲ್ಲದೆ, ನಿಮ್ಮ ಸಂಗಾತಿಯ ನಮಾಝನ್ನು ನೀವೇ ಮಾಡಿ ಎಂದು ಅವರು ಹೇಳಿದಾಗ ಅಬೂಖತಾದಾ (ರ) ಆ ಸಾಲವನ್ನು ತಮ್ಮ ಮೇಲೆ ಹಾಕಿಕೊಂಡರು. ಆ ಬಳಿಕವೇ ಪ್ರವಾದಿವರ್ಯರು (ಸ) ನಮಾಝ್‌ಗೆ ನಿಂತರು.

ಗೆಳೆಯ ಕೇಳುತ್ತಿಲ್ಲ ಎಂಬುದು ಅವನ ದಾಕ್ಷಿಣ್ಯ, ನಿಮಗೆ ಸಿಕ್ಕ ರಿಯಾಯಿತಿಯಲ್ಲ. ಅವನು ಮನಸಾರೆ ಗಡುವು ವಿಸ್ತರಿಸಿದರೆ ಹೋಗಬಹುದು, ಆದರೆ ‘ಉಮ್ರಾಗೆ ಹೋಗಲೇ?’ ಎಂದು ಕೇಳಿದರೆ ಯಾವ ಗೆಳೆಯನೂ ಬೇಡವೆನ್ನಲಾರ. ಆದ್ದರಿಂದ ಹಾಗೆ ಕೇಳಬೇಡಿ. ಬ್ಯಾಂಕಿನ ಮೂಲಕ ಹಣ ಕಳಿಸಿ, ಉಳಿದದ್ದರಲ್ಲಿ ಟಿಕೆಟ್ ನೋಡಿ.

ಪ್ರಶ್ನೆ: ನೆರೆಯವರ ಹಕ್ಕು ಎನ್ನುವಾಗ ಅನ್ಯಧರ್ಮೀಯ ನೆರೆಯವರೂ ಸೇರುತ್ತಾರೆಯೇ? ನಮ್ಮ ಎದುರು ಮನೆಯವರು ಸಸ್ಯಾಹಾರಿಗಳು. (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಸೇರುತ್ತಾರೆ. ಕುರ್‌ಆನ್ (4:36) ಬಂಧುವಾದ ನೆರೆಯವನನ್ನೂ ಬಂಧುವಲ್ಲದ ನೆರೆಯವನನ್ನೂ ಹೆಸರಿಸಿ ಉಪಕಾರ ಮಾಡಲು ಹೇಳುತ್ತದೆ. ಸಹಾಬಿ ಅಬ್ದುಲ್ಲಾ ಇಬ್ನು ಅಮ್ರ್ (ರ) ಅವರ ಮನೆಯಲ್ಲಿ ಕುರಿ ಕೊಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, ನಮ್ಮ ಯಹೂದಿ ನೆರೆಯವರಿಗೆ ಕಳಿಸಿದಿರಾ ಎಂಬುದು. ನೆರೆಯವನನ್ನು ವಾರಸುದಾರನಾಗಿಯೇ ಮಾಡಿಬಿಡುತ್ತಾರೇನೋ ಎನಿಸುವಷ್ಟು ದೇವದೂತ ಜಿಬ್ರೀಲ್ (ಅ) ಒತ್ತಿ ಹೇಳುತ್ತಿದ್ದರು ಎಂಬ ಪ್ರವಾದಿ ವಚನವನ್ನು ಅವರು ಉಲ್ಲೇಖಿಸಿದ್ದು ಆ ಸಂದರ್ಭದಲ್ಲಿಯೇ.

ನಿಮ್ಮ ಎದುರು ಮನೆಗೆ ಹಣ್ಣು, ಖರ್ಜೂರ, ಅಂಗಡಿಯ ಸಿಹಿ ಕಳಿಸಬಹುದು. ಮಾಂಸದಡುಗೆಯ ಪಾತ್ರೆಯಲ್ಲಿ ಮಾಡಿದ ಪಾಯಸವನ್ನು ಕಳಿಸಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಬೇಡ. ಉಡುಗೊರೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಬಕ್ರೀದ್ ದಿನ ಕುರ್ಬಾನಿಯ ತ್ಯಾಜ್ಯವನ್ನು ಅಂದೇ ವಿಲೇವಾರಿ ಮಾಡುವುದು, ಮದುವೆಗೆ ಬಂದವರ ಗಾಡಿಗಳು ಅವರ ಗೇಟಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳುವುದು, ಇವು ಕಡ್ಡಾಯದ ಸಾಲಿನವು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ವಿಶ್ವಾಸದ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಲ್ಲಿ ಅತ್ಯಂತ ಕೆಳಗಿನದು ಎಂದು ಹದೀಸ್‌ನಲ್ಲಿದೆ. ತೊಂದರೆಯ ವಸ್ತುವನ್ನು ನಾವೇ ತಂದಿಟ್ಟರೆ ಅದರ ಲೆಕ್ಕವೇ ಬೇರೆ.

ಪ್ರಶ್ನೆ: ಆಸ್ತಿ ವಿಷಯದಲ್ಲಿ ಅಣ್ಣ ನನಗೆ ಅನ್ಯಾಯ ಮಾಡಿದ್ದಾನೆ. ಎರಡು ಈದ್ ಕಳೆದರೂ ಮಾತಿಲ್ಲ. ನಾನಾಗಿಯೇ ಸಲಾಮ್ ಹೇಳಿದರೆ ನನ್ನ ಪಾಲನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಆಗುವುದಿಲ್ಲ. ಸಲಾಮ್ ಬೇರೆ, ಹಕ್ಕುಪತ್ರ ಬೇರೆ. ಮೂರು ದಿನಗಳಿಗಿಂತ ಹೆಚ್ಚು ಕಾಲ ಸಹೋದರನೊಂದಿಗೆ ಮಾತು ಬಿಡುವುದು ಸಮ್ಮತವಲ್ಲ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಮೊದಲು ಹೇಳುವುದು ಸುನ್ನತ್, ಉತ್ತರಿಸುವುದು ಕಡ್ಡಾಯ. ನೀವು ಹೇಳಿಯೂ ಅಣ್ಣ ಉತ್ತರಿಸದಿದ್ದರೆ ಹೊಣೆ ಅವರದ್ದು. ಬಂಧುತ್ವ ಕಾಯುವವನೆಂದರೆ ಕೊಟ್ಟಿದ್ದಕ್ಕೆ ಮರಳಿ ಕೊಡುವವನಲ್ಲ, ಕಡಿದುಕೊಂಡವರೊಂದಿಗೂ ಸಂಬಂಧ ಬೆಸೆಯುವವನು ಎಂದೂ ಪ್ರವಾದಿವರ್ಯರು (ಸ) ಹೇಳಿದ್ದಾರೆ.

ಕಷ್ಟದ ಕೆಲಸ ಇದು, ಒಪ್ಪುತ್ತೇನೆ. ಪ್ರವಾದಿವರ್ಯರ (ಸ) ಪತ್ನಿಯೂ ತಮ್ಮ ಮಗಳೂ ಆದ ಆಯಿಶಾರ (ರ) ಮೇಲೆ ಅಪವಾದ ಹರಡಿದವರಲ್ಲಿ ತಮ್ಮದೇ ಬಡ ಬಂಧು ಮಿಸ್ತಹ್ ಸೇರಿದ್ದನ್ನು ತಿಳಿದ ಅಬೂಬಕರ್ (ರ), ಅವರಿಗೆ ಕೊಡುತ್ತಿದ್ದ ನೆರವನ್ನು ಇನ್ನು ಕೊಡುವುದಿಲ್ಲವೆಂದು ಆಣೆಯಿಟ್ಟಿದ್ದರು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದನ್ನು ನೀವು ಬಯಸುವುದಿಲ್ಲವೇ ಎಂಬ ಸೂಕ್ತ (24:22) ಇಳಿದಾಗ, ಬಯಸುತ್ತೇನೆ ಎಂದು ನೆರವನ್ನು ಮತ್ತೆ ಆರಂಭಿಸಿದರು. ಅಪವಾದ ಸುಳ್ಳೆಂಬ ತೀರ್ಪು ಮಾತ್ರ ಹಾಗೆಯೇ ಉಳಿಯಿತು, ಕ್ಷಮೆಯಿಂದ ಅದು ಬದಲಾಗಲಿಲ್ಲ.

ಹಾಗೆಯೇ ನಿಮ್ಮ ಪಾಲು ಕೂಡ. ಕುರ್‌ಆನಿನ 4ನೇ ಅಧ್ಯಾಯ ವಾರಸು ಪಾಲುಗಳನ್ನು ನಿಗದಿಪಡಿಸಿದೆ, ಅದನ್ನು ಕೇಳುವುದು ದುರಾಸೆಯಲ್ಲ. ನಿಮಗೆ ಅಕ್ಕತಂಗಿಯರಿದ್ದರೆ ಅವರ ಪಾಲನ್ನೂ ನಿಮ್ಮ ಮನವಿಯಲ್ಲಿ ಸೇರಿಸಿ. ಅಣ್ಣತಮ್ಮಂದಿರ ವ್ಯಾಜ್ಯಗಳಲ್ಲಿ ಇಬ್ಬರೂ ಒಮ್ಮತದಿಂದ ಮರೆಯುವ ಪಾಲು ಅದೇ. ಜಮಾಅತಿನ ಹಿರಿಯರನ್ನು ಮಧ್ಯೆ ಕೂರಿಸಿಕೊಂಡು, ತೀರ್ಮಾನವಾದದ್ದನ್ನು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆಸಿಕೊಳ್ಳಿ, ಆಮೇಲೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಸಲಾಮ್‌ಗೆ ಇವು ಯಾವುದೂ ಮುಗಿಯುವ ತನಕ ಕಾಯಬೇಕಾಗಿಲ್ಲ.